ಅತ್ತೆಯ ಪ್ರಾರ್ಥನೆಗೆ ಆಮೆನ್

ಮುಂಬಯಿಯ ಕುರ್ಲಾದಲ್ಲಿ ಲಕ್ಷಗಟ್ಟಲೆ ಜನರಿದ್ದಾರೆ. ಅಷ್ಟು ಜನರ ನಡುವೆ ದೇವರಿಗೆ ನಮ್ಮ ಮನೆಯ ವಿಳಾಸ ಇಷ್ಟು ಚೆನ್ನಾಗಿ ಗೊತ್ತಿರುವುದಕ್ಕೆ ನನ್ನ ಭಕ್ತಿಯೇ ಕಾರಣ ಎಂದು ನೀವು ತಿಳಿದರೆ ಅದು ತಪ್ಪು. ಕಾರಣ ನಮ್ಮ ಅತ್ತೆಯ ದೂರುಗಳು! ಯಾವ ಬಿಲ್ಡಿಂಗು, ಎಷ್ಟನೆಯ ಮಾಳಿಗೆ, ಯಾವ ಬಾಗಿಲು, ಆ ಬಾಗಿಲೊಳಗೆ ಯಾರು ಸಾರಿಗೆ ಉಪ್ಪು ಕಡಿಮೆ ಹಾಕಿದರು, ಎಲ್ಲವನ್ನೂ ಅವರು ದಿನಾಲೂ ಕಣ್ಣು ಮುಚ್ಚಿಕೊಂಡು ಪರಲೋಕಕ್ಕೆ ತಿಳಿಸುತ್ತಲೇ ಇರುತ್ತಾರೆ.

ಅತ್ತೆ ಎಂದರೆ ನನ್ನ ಗಂಡನ ತಾಯಿಯಲ್ಲ. ನಮ್ಮ ಮಾವನವರ ಅಕ್ಕ. ನಮ್ಮ ಯಜಮಾನರು ‘ಅತ್ತಿ’ ಎಂದು ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಇವತ್ತೇ ಸಂಜೆ ನನ್ನ ಹೆಸರು ಮೇಲಕ್ಕೆ ಹೋಗುತ್ತದೆ! ಮದುವೆಯಾಗಲಿಲ್ಲ. ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಸೇರಿ, ವಾರ್ಡಿನ ಸಿಸ್ಟರ್ ಆಗಿ ನಿವೃತ್ತರಾದರು. ಹೊಸ ಡಾಕ್ಟರುಗಳೆಲ್ಲ ರೋಗಕ್ಕಿಂತ ಇವರಿಗೇ ಹೆಚ್ಚು ಹೆದರುತ್ತಿದ್ದರಂತೆ. ಇದನ್ನು ಹೇಳಿದವರು ಅವರೇ, ಆದ್ದರಿಂದ ಸ್ವಲ್ಪ ಕಡಿಮೆ ಮಾಡಿಯೇ ಹೇಳಿರಬಹುದು.

ಇನ್ನು ಆ ದೂರುಗಳ ವಿಷಯ. ನಮ್ಮದು ಸಣ್ಣ ಕನ್ನಡ ಕ್ರೈಸ್ತ ಸಭೆ. ಗದಗ, ಧಾರವಾಡ, ಬೀದರಿನ ಕಡೆಯಿಂದ ಹೊಟ್ಟೆಪಾಡಿಗೆಂದು ಈ ಊರಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು. ಭಾನುವಾರ ದೇವಾಲಯದಲ್ಲಿ ಸೇರುವುದಲ್ಲದೆ ಶುಕ್ರವಾರ ಸಂಜೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಅದಕ್ಕೆ ಮನೆಕೂಟ ಎನ್ನುತ್ತೇವೆ. ಹಾಡು, ಬೈಬಲಿನ ವಾಕ್ಯ, ಪ್ರಾರ್ಥನೆ, ಆಮೇಲೆ ಚಹಾ. ಪ್ರಾರ್ಥನೆಯನ್ನು ಯಾರೂ ಓದಿ ಹೇಳುವುದಿಲ್ಲ. ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ದೇವರಿಗೆ ಹೇಳುವುದೇ ನಮ್ಮ ಪದ್ಧತಿ. ಒಬ್ಬರು ಪ್ರಾರ್ಥಿಸುವಾಗ ಉಳಿದವರು ಕಣ್ಣು ಮುಚ್ಚಿಕೊಂಡಿರಬೇಕು. ನಡುವೆ ಬಾಯಿ ಹಾಕುವಂತಿಲ್ಲ. ಮುಗಿದ ಮೇಲೆ ಎಲ್ಲರೂ ಆಮೆನ್ ಅನ್ನಲೇಬೇಕು. ಆಮೆನ್ ಅಂದರೆ ‘ಹಾಗೆಯೇ ಆಗಲಿ’ ಎಂದು ಕೆಳಗೆ ಸಹಿ ಹಾಕಿದಂತೆ. ಈಗ ನೀವೇ ಹೇಳಿ. ಎದುರಿಗಿರುವವರೆಲ್ಲ ಕಣ್ಣು ಮುಚ್ಚಿದ್ದಾರೆ, ಬಾಯಿ ಮುಚ್ಚಿದ್ದಾರೆ, ಕೊನೆಗೆ ಹೌದು ಹೌದು ಅನ್ನುತ್ತಾರೆ. ತಪ್ಪು ಹುಡುಕುವ ಮನುಷ್ಯರಿಗೆ ಇಂಥ ಅನುಕೂಲದ ಜಾಗ ಈ ಭೂಮಿಯ ಮೇಲೆ ಇನ್ನೆಲ್ಲಿ ಸಿಕ್ಕೀತು?

ನನಗೆ ಇದು ಗೊತ್ತಾದದ್ದು ಮದುವೆಯಾಗಿ ಬೆಟಗೇರಿಯಿಂದ ಬಂದ ಮೊದಲ ವಾರ. ಮನೆಕೂಟ ನಮ್ಮಲ್ಲೇ ಇತ್ತು. ಹೊಸ ಸೊಸೆ, ಎಲ್ಲರಿಗೂ ಉಪ್ಪಿಟ್ಟು ಮಾಡಿದ್ದೆ. ನಮ್ಮ ಸಭೆಯಲ್ಲಿ ಕೆಲವರು ತಿಂಡಿಯ ನಂತರವೇ ಮುಕ್ತಾಯದ ಪ್ರಾರ್ಥನೆ ಮಾಡುತ್ತಾರೆ, ಅದು ನನ್ನ ದುರದೃಷ್ಟ. ಅತ್ತೆ ಎದ್ದು ನಿಂತರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಆರಂಭ ಎಷ್ಟು ಗಂಭೀರ! “ಪರಲೋಕ ಭೂಲೋಕಗಳನ್ನು ಉಂಟುಮಾಡಿದ ಸರ್ವಶಕ್ತನಾದ ಕರ್ತನೇ…” ಎಂದು ಶುರುವಾದದ್ದು ಸೂರ್ಯ, ಚಂದ್ರ, ಸಮುದ್ರಗಳನ್ನು ದಾಟಿ ನಮ್ಮ ಮಾಳಿಗೆಗೆ ಇಳಿಯಿತು. ಇಳಿದ ಕೂಡಲೇ ಭಾಷೆ ಗದಗಿನದಾಯಿತು.

“…ಈ ಮನಿಗೆ ಹೊಸಾ ಸೊಸಿ ಬಂದಾಳ, ಸ್ತೋತ್ರ. ನೋಡಾಕ ಚಂದ ಅದಾಳ, ಸ್ತೋತ್ರ. ಆಕಿಗೆ ಆಯುಷ್ಯ ಕೊಡು, ಆರೋಗ್ಯ ಕೊಡು. ಉಪ್ಪಿಟ್ಟಿನಾಗ ಗಂಟು ಹೆಂಗ ಒಡೀಬೇಕು ಅನ್ನೂ ಜ್ಞಾನಾನೂ ಕೊಡು.”

“ಆಮೆನ್!” ಅಂದರು ಎಲ್ಲರೂ. ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ನನ್ನ ಗಂಡನ ದನಿ!

ಅಯ್ಯನವರನ್ನೂ ಅತ್ತೆ ಬಿಟ್ಟವರಲ್ಲ. ಅಯ್ಯನವರೆಂದರೆ ನಮ್ಮ ಸಭಾಪಾಲಕರು. ಸಾಧು ಮನುಷ್ಯ, ಆದರೆ ಪ್ರಸಂಗಕ್ಕೆ, ಅಂದರೆ ಉಪದೇಶಕ್ಕೆ, ನಿಂತರೆ ಕುರ್ಲಾ ಬಿಟ್ಟ ಗಾಡಿ ಕರ್ಜತ್ ತಲುಪಿದರೂ ಇವರು ತಲುಪುವುದಿಲ್ಲ. ಒಂದು ಶುಕ್ರವಾರ ಅವರು ಮುಂದೆಯೇ ಕೂತಿರುವಾಗ ಅತ್ತೆ ಪ್ರಾರ್ಥಿಸಿದರು: “ಕರ್ತನೇ, ನಿನ್ನ ದಾಸರಿಗೆ ಮಾತಿನ ವರಾ ಕೊಟ್ಟಿ. ಬಾಳ ಕೊಟ್ಟಿ. ಇನ್ನ ಕೈಯಾಗ ಒಂದು ಗಡಿಯಾರಾ ಐತಿ ಅನ್ನೂ ನೆನಪೂ ಕೊಡು.” ಮರು ಭಾನುವಾರ ಪ್ರಸಂಗ ಎಷ್ಟು ಬೇಗ ಮುಗಿಯಿತೆಂದರೆ ಹಿಂದಿನ ಬೆಂಚಿನವರಿಗೆ ನಿದ್ದೆ ಹತ್ತುವಷ್ಟೂ ಸಮಯ ಸಿಗಲಿಲ್ಲ. ಬಾಗಿಲ ಹತ್ತಿರ ಅಯ್ಯನವರು ಕೈಕುಲುಕುತ್ತ, “ಅಮ್ಮಾ, ನಿಮ್ಮ ಪ್ರಾರ್ಥನೆ ದೇವರಿಗೆ ಮುಟ್ಟೂಕಿಂತ ಮೊದಲ ನನಗ ಮುಟ್ಟಿತ್ರಿ” ಅಂದರು. ಅತ್ತೆ ನಗಲಿಲ್ಲ. “ಮುಟ್ಟಿದ್ರ ಸ್ತೋತ್ರ” ಅಂದರು.

ಇಷ್ಟೆಲ್ಲ ದೂರದಿಂದ ನೋಡಿದಾಗ ಬಹಳ ಚಂದ. ವಾರಕ್ಕೊಮ್ಮೆ ಬಂದು ಬೀಸಿ ಹೋಗುವ ಗಾಳಿಯನ್ನು ಯಾರು ಬೇಕಾದರೂ ಮೆಚ್ಚಿಕೊಳ್ಳಬಹುದು. ಆದರೆ ಎರಡು ವರ್ಷಗಳ ಹಿಂದೆ ಅವರಿದ್ದ ಸಾಲುಕೋಣೆಗಳ ಚಾಳು ಬಿಲ್ಡರನ ಕೈಗೆ ಹೋಯಿತು. ಹಳೆಯದನ್ನು ಕೆಡವಿ ಟವರ್ ಎಬ್ಬಿಸುತ್ತಾರೆ, ಅದು ಏಳುವ ತನಕ ಎಲ್ಲರೂ ಬೇರೆ ಕಡೆ ಇರಬೇಕು. ಮುಂಬಯಿಯಲ್ಲಿ ಟವರ್ ಏಳುವ ತನಕ ಎಂದರೆ ಎಷ್ಟು ವರ್ಷವೆಂದು ದೇವರಿಗೂ ಬಿಲ್ಡರನಿಗೂ ಮಾತ್ರ ಗೊತ್ತು. ಅದರಲ್ಲಿ ಬಿಲ್ಡರ್ ಫೋನ್ ಎತ್ತುವುದಿಲ್ಲ.

ಅತ್ತೆ ಎಲ್ಲಿರಬೇಕು? ಯಜಮಾನರ ಅಣ್ಣ, ಕಲ್ಯಾಣದವರು, ತಮ್ಮ ಬಿಲ್ಡಿಂಗಿನಲ್ಲಿ ಲಿಫ್ಟ್ ಇಲ್ಲ, ಅತ್ತೆಗೆ ಹತ್ತಲಾಗದು ಅಂದರು. ಯಜಮಾನರ ತಮ್ಮ, ಠಾಣೆಯವರು, ತಮ್ಮಲ್ಲಿ ಲಿಫ್ಟ್ ಇದೆ, ಅತ್ತೆಗೆ ಲಿಫ್ಟ್ ಎಂದರೆ ಹೆದರಿಕೆ ಅಂದರು. ಇದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟ! ಅದೇ ಭಾನುವಾರ ಅಯ್ಯನವರ ಪ್ರಸಂಗದ ವಿಷಯ ಏನಿರಬೇಕು ಹೇಳಿ? ಒಗ್ಗದ ಜನರ ಮೇಲೆ ದಯೆ! ಪ್ರೀತಿಸಲು ಸುಲಭವಾದವರನ್ನು ಯಾರು ಬೇಕಾದರೂ ಪ್ರೀತಿಸುತ್ತಾರೆ, ಅದಕ್ಕೆ ಯೇಸುವಿನ ಶಿಷ್ಯರೇ ಆಗಬೇಕೆಂದಿಲ್ಲ ಎಂದು ಹೇಳುತ್ತ ಅವರು ನನ್ನನ್ನೇ ನೋಡಿದರು. ಗೋಡೆಯ ಗಡಿಯಾರ ನನ್ನ ತಲೆಯ ಹಿಂದೆ ಇದ್ದದ್ದರಿಂದಲೂ ಇರಬಹುದು. ಆದರೂ ಮಾತು ನನಗೆ ನಾಟಿತು. ಹೌದಲ್ಲ? ನಮ್ಮ ಎದುರು ಮನೆಯ ನಸೀಮಾಳನ್ನು ಪ್ರೀತಿಸಲು ನನಗೆ ದೇವರ ಸಹಾಯ ಬೇಕಾಗಿಲ್ಲ, ಅವಳು ಕಳಿಸುವ ಖೀರು ಸಾಕು. ಸಹಾಯ ಬೇಕಾದದ್ದು ಅತ್ತೆಯಂಥವರ ವಿಷಯದಲ್ಲೇ. ಹೊರಗೆ ಬಂದ ಮೇಲೆ ಯಜಮಾನರಿಗೆ ಹೇಳಿದೆ: “ಅತ್ತಿನ್ನ ನಮ್ಮ ಮನಿಗೇ ಕರಕೊಂಡ ಬರ್ರಿ.” ಅವರು ರಿಕ್ಷಾಕ್ಕೆ ಎತ್ತಿದ ಕೈಯನ್ನು ಎತ್ತಿದ ಹಾಗೇ ಹಿಡಿದು ನಿಂತರು.

ಹೀಗೆ ಅತ್ತೆ ಎರಡು ಟ್ರಂಕು, ಒಂದು ಫಿನಾಯಿಲ್ ಡಬ್ಬಿಯ ಸಮೇತ ನಮ್ಮಲ್ಲಿಗೆ ಬಂದರು. ನಮ್ಮದು ಒಂದು ಹಾಲು, ಒಂದು ಅಡುಗೆಮನೆ, ಹಾಲಿನ ಮೂಲೆಯಲ್ಲಿ ಮಗಳು ಓದುವ ಮೇಜು. ಆ ಮೂಲೆಯಲ್ಲಿ ಅತ್ತೆಯ ಮಂಚ ಬಂತು, ಮೇಜು ಅಡುಗೆಮನೆಗೆ ಹೋಯಿತು. ಹಾಲು ಮರುದಿನವೇ ವಾರ್ಡ್ ಆಯಿತು. ನಸುಕಿನಲ್ಲೇ ಎದ್ದು ದೀಪ ಹಾಕಿ, “ಏಳ್ರಿ, ಏಳ್ರಿ, ಎಲ್ಲಾರೂ ಏಳ್ರಿ!” ಎಂದು ಒಬ್ಬೊಬ್ಬರ ಹೊದಿಕೆ ಎಳೆಯುವುದು. ಎದ್ದವರ ಹಣೆ ಮುಟ್ಟಿ ಜ್ವರ ನೋಡುವುದು. ಹಾಸಿಗೆಯ ಮೂಲೆಗಳನ್ನು ಆಸ್ಪತ್ರೆಯ ಹಾಗೆ ಮಡಿಸಿಲ್ಲವೆಂದು ಮತ್ತೆ ಬಿಚ್ಚಿಸುವುದು. ಫೋರ್ಟಿನ ಆಫೀಸಿಗೆ ಹೋಗುವ ನಮ್ಮ ಯಜಮಾನರು ಲೋಕಲ್‌ನಲ್ಲಿ ನಿಂತೇ ನಿದ್ದೆ ಮಾಡುವುದನ್ನು ಕಲಿತದ್ದು ಆಗಲೇ.

ಊಟದ ಪ್ರಾರ್ಥನೆಯೂ ಅವರ ಪಾಲಾಯಿತು. ನಮ್ಮ ತಟ್ಟೆಗಳಲ್ಲಿ ಅನ್ನ ಆರುತ್ತಿರುವಾಗ ಆ ದಿನದ ವರದಿ ಮೇಲೆ ಹೋಗುತ್ತಿತ್ತು. “ಕರ್ತನೇ, ಈ ಕೂಸಿನ ಕೈಯಾಗಿನ ಫೋನು ಬಿದ್ದು ಒಡೀಲಿ ಅಂತ ನಾ ಕೇಳೂದಿಲ್ಲ. ಅಂಥಾ ಕೆಟ್ಟ ಮನಸು ನನಗಿಲ್ಲ. ಅದರ ಚಾರ್ಜು ಒಂದು ಲಗೂ ತೀರಲಿ.” ಅದೇ ಸಂಜೆ ಮಗಳ ಚಾರ್ಜರ್ ಸುಟ್ಟಿತು! ಕಾಲೇಜಿಗೆ ಹೋಗುವ ಹುಡುಗಿ, ಅಡುಗೆಮನೆಗೆ ಓಡಿ ಬಂದಳು. “ಮಮ್ಮಿ, ಅಜ್ಜಿ ಪ್ರೇಯರ್ ಅಲ್ಲ, ಕಂಪ್ಲೇಂಟ್ ಮಾಡ್ತಾರ್ ಯಾರ್! ಔರ್ ಗಾಡ್ ಸುನ್‌ತಾ ಭೀ ಹೈ!” ದೇವರು ಕೇಳುತ್ತಾನೆ ಬೇರೆ ಎಂದು ಹೆದರಿ ಅಂದಿನಿಂದ ಅವಳು ಅಜ್ಜಿಯ ಮುಂದೆ ಫೋನನ್ನು ಓಢಣಿಯಲ್ಲಿ ಮುಚ್ಚಿಟ್ಟುಕೊಂಡು ತಿರುಗತೊಡಗಿದಳು.

ನಸೀಮಾಳ ಕುಕ್ಕರಿನ ಸೀಟಿಯ ಮೇಲೂ ದೂರು ಹೋಯಿತು. ವಿಜಾಪುರದ ಕಡೆಯವಳು, ಗಂಡನಿಗೆ ಧಾರಾವಿಯಲ್ಲಿ ಚರ್ಮದ ಚೀಲ ಹೊಲಿಯುವ ಕೆಲಸ. ನಮ್ಮಲ್ಲಿ ಬಾಗಿಲುಗಳು ಹಗಲೆಲ್ಲ ತೆರೆದೇ ಇರುತ್ತವೆ. ಅತ್ತೆ ತನ್ನ ಹೆಸರು ಹಿಡಿದು ಪ್ರಾರ್ಥಿಸಿದ್ದನ್ನು ಅವಳು ಹೊಸ್ತಿಲಲ್ಲಿ ನಿಂತು ಪೂರ್ತಿ ಕೇಳಿ, ಕೊನೆಗೆ ತಾನೂ “ಆಮೀನ್” ಅಂದಳು. ಸಿಟ್ಟಾದಳೋ ಏನೋ ಎಂದು ನಾನು ಕಣ್ಣು ತೆರೆದರೆ ಅವಳು ನಗುತ್ತಿದ್ದಾಳೆ. “ಅಜ್ಜೀ, ತುಮಾರಿ ದುವಾ ಸೀದಾ ಮ್ಯಾಲ ಹೋಗತೈತಿ. ಕುಕ್ಕರ ಬಿಡ್ರಿ, ನಮ್ಮ ನಳದಾಗ ನೀರ ಬರವಲ್ದು, ಅದಕ್ಕೊಂದು ದುವಾ ಮಾಡ್ರಿ!” ಅತ್ತೆ ಕಣ್ಣು ತೆರೆಯದೆಯೇ ನೀರಿನ ವಿಷಯವನ್ನೂ ಸೇರಿಸಿದರು. ಮುನಸಿಪಾಲಿಟಿಯವರು ಸರಿ ಮಾಡಿದರೋ, ಮೇಲಿನವರೇ ಮಾಡಿದರೋ, ನೀರು ಬಂತು. ಆ ಮೇಲೆ ಬಿಲ್ಡಿಂಗಿನವರು ಲಿಫ್ಟು, ದೀಪ, ಪರೀಕ್ಷೆ ಎಂದು ಬಂದು ಅರ್ಜಿ ಹೇಳಿಕೊಳ್ಳತೊಡಗಿದರು!

ನನಗೊಂದು ಅಭ್ಯಾಸವಿದೆ. ಜೋಳದ ಹಿಟ್ಟು ನಾದುತ್ತ ಆ ದಿನದ ಸಣ್ಣ ಸಣ್ಣ ಕೃಪೆಗಳನ್ನು ನೆನೆಯುತ್ತೇನೆ. ಮೊದಲು ಸುಲಭವಿತ್ತು: ಭಾಜಿಯವ ಕೊತ್ತಂಬರಿ ಪುಕ್ಕಟೆ ಕೊಟ್ಟ, ಯಜಮಾನರಿಗೆ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತು, ಮಗಳು ಕೇಳದೆಯೇ ಪಾತ್ರೆ ತೊಳೆದಳು. ಅತ್ತೆ ಬಂದ ಮೇಲೆ ಹುಡುಕಬೇಕಾಯಿತು. ‘ಇವತ್ತು ಅತ್ತೆ ನನ್ನ ಮೇಲೆ ಒಂದೇ ದೂರು ಕೊಟ್ಟರು, ಸ್ತೋತ್ರ.’ ‘ಇವತ್ತಿನ ದೂರು ನಿಜವಾದದ್ದೇ ಆಗಿತ್ತು, ಸ್ತೋತ್ರ.’ ದೊಡ್ಡ ಕೃಪೆಯೊಂದು ಆರು ತಿಂಗಳ ನಂತರ ಸಿಕ್ಕಿತು. ಅತ್ತೆ ನಸುಕಿನಲ್ಲಿ ಏಳುವುದನ್ನು ಬಿಟ್ಟರು! ಬೆಳಕು ಹರಿದ ಮೇಲೂ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ನಾನೇ ಚಹಾ ತಂದು, “ಅತ್ತೀ, ಚಾ” ಎಂದು ಎಬ್ಬಿಸಬೇಕು. ಒಂದು ಸಲಕ್ಕೆ ಏಳುವವರಲ್ಲ, ಎರಡು ಸಲ ಕರೆಯಬೇಕು. ಎದ್ದು ಒಂದು ಗುಟುಕು ಕುಡಿದು, “ಸಕ್ಕರಿ ಕಮ್ಮಿ” ಅನ್ನುವುದು. ಇಷ್ಟು ವರ್ಷ ರಾತ್ರಿಪಾಳಿ ಮಾಡಿದ ಜೀವ, ವಯಸ್ಸಾದ ಮೇಲೆ ನಿದ್ದೆ ಬರುತ್ತಿದೆಯಲ್ಲ ಎಂದು ನಾನು ದೇವರಿಗೆ ಸ್ತೋತ್ರ ಹೇಳಿದೆ. ಯಜಮಾನರು ನನಗಿಂತ ಹೆಚ್ಚು ಹೇಳಿದರು.

ಹಾಗೇ ಹೋಗುತ್ತಿತ್ತೋ ಏನೋ. ನಡುವೆ ಒಂದು ಸೋಫಾ ಬಂತು.

ನಮ್ಮ ಹಾಡಿನ ಗುಂಪಿನ ಮುಂದಾಳು ಅಕ್ಕನವರು ಚೆಂಬೂರಿನ ಹೊಸ ಟವರಿಗೆ ಹೋದರು. ಮೊದಲ ಮನೆಕೂಟ, ನಾಲ್ಕು ಬೇರೆ ಭಾಷೆಯ ಮನೆಯವರನ್ನೂ ಕರೆದಿದ್ದರು. ಹೊಸ ಸೋಫಾ, ಹೊಲಸಾಗಬಾರದೆಂದು ಅಂಗಡಿಯ ಪ್ಲಾಸ್ಟಿಕ್ ಹಾಗೇ ಬಿಟ್ಟಿದ್ದರು. ಏಪ್ರಿಲ್ ತಿಂಗಳು, ಸೆಕೆ. ಅತ್ತೆಯನ್ನು ಗೌರವದಿಂದ ಅದರ ಮೇಲೆಯೇ ಕೂರಿಸಿದರು. ಪ್ರಾರ್ಥನೆಗೆ ಏಳುವಾಗ ಕರ್ರ್ ಎಂದು ಎಂಥದೋ ಕಿತ್ತುಕೊಂಡು ಬಂದಂಥ ಸದ್ದಾಯಿತು.

“ಕರ್ತನೇ, ಈ ಮಗಳಿಗೆ ಹೊಸಾ ಮನಿ ಕೊಟ್ಟಿ, ಸ್ತೋತ್ರ. ಸೋಫಾ ಕೊಟ್ಟಿ, ಸ್ತೋತ್ರ. ಅದರ ಪ್ಲಾಸ್ಟಿಕ್ ತಗಿಯೂ ಮನಸು ಯಾವಾಗ ಕೊಡ್ತಿ? ಕುಂತಾವ್ರು ಬೆವತು ಅಂಟಿಕೊಂಡು ಏಳಾಕ ಬರವಲ್ದು. ಹಾಡೂ ಮುಂದ ಈಕಿ ದನಿ ಮ್ಯಾಲ ಹೋಗತೈತಿ, ತಾಳ ಕೆಳಗ ಉಳೀತೈತಿ. ಎರಡನ್ನೂ ಕೂಡಸಾಕ ನಿನ್ನ ಕಡಿಂದ ಅಷ್ಟ ಆದೀತು.”

ಆಮೆನ್ ಬರಲಿಲ್ಲ, ನಗು ಬಂತು. ಒಬ್ಬರು ತಡೆದುಕೊಂಡರು, ಮತ್ತೊಬ್ಬರಿಗೆ ಆಗಲಿಲ್ಲ, ಆಮೇಲೆ ಎಲ್ಲರಿಗೂ. ಹೊಸ ನೆರೆಯವರ ಎದುರು ಅಕ್ಕನವರ ಮುಖ ಸಣ್ಣದಾಯಿತು, ಕಣ್ಣು ತುಂಬಿತು. ಬಾಗಿಲವರೆಗೆ ಬಂದು ನಮ್ಮ ಯಜಮಾನರಿಗೆ ಮೆಲ್ಲಗೆ ಹೇಳಿದರು: “ನೀವು ಬರ್ರಿ ತಮ್ಮಾ, ಇದು ನಿಮ್ಮ ಮನೀನ. ಅವರನ್ನ ಮಾತ್ರ ಇನ್ನ ಕರಕೊಂಡು ಬರಬ್ಯಾಡ್ರಿ.” ಅದು ನ್ಯಾಯದ ಮಾತೇ ಆಗಿತ್ತು. ನಾನು ಅವರ ಕೈ ಹಿಡಿದುಕೊಂಡೆ. ದಾರಿಯಲ್ಲಿ ಅತ್ತೆಯೊಬ್ಬರೇ, “ನೋಡು, ಖರೇ ಹೇಳಿದ್ರ ನಗತಾರ” ಅಂದರು.

ಭಾನುವಾರ ಮಧ್ಯಾಹ್ನ ಯಜಮಾನರು ಅಡುಗೆಮನೆಗೆ ಬಂದು ನನ್ನ ಎದುರು ಸ್ಟೂಲ್ ಎಳೆದುಕೊಂಡು ಕುಳಿತರು. ಹೊರಗೆ ಅತ್ತೆ ಮಲಗಿದ್ದರು. ಅವರಿಗೆ ಬಲಗಿವಿ ಮಂದ. ಎಡಗಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ಪಕ್ಕದಲ್ಲಿ ಢೋಲು ಬಡಿದರೂ ಕೇಳಿಸುವುದಿಲ್ಲ ಎಂಬುದು ನಮ್ಮ ಮನೆಯ ನಂಬಿಕೆ.

“ವಸೈ ಕಡೆ ಒಂದು ವೃದ್ಧಾಶ್ರಮ ಐತಂತ. ನಮ್ಮ ವಿಶ್ವಾಸದವರದ. ಹೊತ್ತಿಗೆ ಸರಿಯಾಗಿ ಗಂಟಿ ಹೊಡದು ಎಬಸತಾರಂತ, ಚೊಲೋ ನೋಡಕೋತಾರಂತ” ಅಂದರು.

ನಾನು ಗೋರಿಕಾಯಿ ಮುರಿಯುತ್ತಿದ್ದೆ. “ಕರದಾಕಿ ನಾನು. ಕಳಸೂ ಮಾತು ನನ್ನ ಕಡಿಂದ ಯಾಕ ಆಡಸ್ತೀರಿ?”

“ಅನ್ನಾ ಹಾಕಾಕಿ ನೀನು. ನಿನ್ನ ಕೇಳದ ಯಾರನ್ನ ಕೇಳಲಿ? ಕೂಸಿಂದು ಇನ್ನ ಹನ್ನೆರಡನೇತ್ತ ಸುರು. ಒಲಿ ಬಾಜೂಕ ಕುಂತು ಓದಾಕತ್ತೈತಿ. ಊರ ಮಂದಿ ಮುಂದ ಮರ್ಯಾದಿನೂ ಹೋತು. ದಯಾ ಅಂತ ತಂದಿ, ಎರಡು ವರ್ಷ ತಡಕೊಂಡಿ. ಸಾಕಲ್ಲ?”

ಅವರು ಕೆಟ್ಟ ಮನುಷ್ಯರಲ್ಲ. ಅತ್ತೆಯ ಬೆನ್ನಿಗೆ ಎಣ್ಣೆ ಹಚ್ಚುವವರೂ ಅವರೇ. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ದಯೆಗೂ ಒಂದು ಅಳತೆ ಇದೆಯೆ? ಇದ್ದರೆ ಎರಡು ವರ್ಷ ಹೆಚ್ಚೋ ಕಡಿಮೆಯೋ? ಪ್ರಸಂಗದಲ್ಲಿ ಅಯ್ಯನವರು ಅದನ್ನು ಹೇಳಿರಲಿಲ್ಲ. ಅಷ್ಟರಲ್ಲಿ ಅವರಿಗೆ ಗಡಿಯಾರ ನೆನಪಾಗಿರಬೇಕು.

“ಈ ಶುಕ್ರವಾರದ ಮನೆಕೂಟ ನಮ್ಮಲ್ಲೇ ಐತಿ. ಅದೊಂದು ಮುಗೀಲಿ” ಅಂದೆ.

“ಆತು. ಶನಿವಾರ ಆಕಿನ್ನ ಕರಕೊಂಡು ಹೋಗಿ ಜಾಗಾ ತೋರಿಸಿಕೊಂಡು ಬರೂಣು. ಒಪ್ಪಿದ್ರ ಅಲ್ಲೇ ಹೆಸರು ಹಚ್ಚೂಣು.”

ಆ ಸಂಜೆ ಒಂದು ವಿಚಿತ್ರ ನಡೆಯಿತು. ಊಟಕ್ಕೆ ಕೂತೆವು, ಕಣ್ಣು ಮುಚ್ಚಿದೆವು. “ಕರ್ತನೇ, ಊಟಕ್ಕ ಸ್ತೋತ್ರ. ಆಮೆನ್.”

ಅಷ್ಟೇ! ನಾವು ಮೂವರೂ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದೆವು. ಕಣ್ಣು ತೆರೆದು ನೋಡಿದರೆ ಅತ್ತೆ ಊಟಕ್ಕೆ ಕೈ ಹಾಕಿದ್ದರು. ಎರಡು ವರ್ಷದಲ್ಲಿ ಮೊದಲ ಸಲ ನಮ್ಮ ಅನ್ನದಿಂದ ಹಬೆ ಏಳುತ್ತಿತ್ತು. ಬಾಯಿ ಸುಟ್ಟುಕೊಂಡು ಮಗಳು, “ಅಜ್ಜೀ, ಬಸ್ ಇತನಾ ಹೀ? ಇಷ್ಟ ಏನು?” ಅಂದಳು. ಮರುದಿನವೂ ಅಷ್ಟೇ. ಅದರ ಮರುದಿನ ನಾನು ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ. ಅತ್ತೆ ಆ ಸಪ್ಪೆ ಸಾರನ್ನು ಸುರಿದುಕೊಂಡು ಉಂಡು, ತಟ್ಟೆ ತೊಳೆದಿಟ್ಟು ಹೋದರು! ಯಜಮಾನರು ಗಾಬರಿಯಾಗಿ, “ಅತ್ತೀ, ಮೈಯಾಗ ಆರಾಮ ಇಲ್ಲೇನು?” ಎಂದು ಈ ಸಲ ತಾವೇ ಅವರ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ಮಗಳು ಫೋನನ್ನು ಅಜ್ಜಿಯ ಕಣ್ಣೆದುರೇ ಹಿಡಿದು ಕೂತಳು. ಒಂದು ಮಾತೂ ಬರದಿದ್ದಾಗ ತಾನಾಗಿಯೇ ಆರಿಸಿ ಇಟ್ಟಳು. ಆ ದಿಂಬು, ಆ ಕಿವಿ, ನಮ್ಮ ನಂಬಿಕೆ ಎಲ್ಲವನ್ನೂ ಹಿಟ್ಟು ನಾದುತ್ತ ಯೋಚಿಸಿದೆ. ಅತ್ತೆಗೆ ಕೇಳಿಸಿತ್ತು. ಮಂಚದ ಕೆಳಗೆ ಎರಡು ಟ್ರಂಕುಗಳೂ ಕಟ್ಟಿ ಸಿದ್ಧವಾಗಿದ್ದವು. ದಯೆಯೆಂದರೆ ಅವರ ಬಾಯಿಯನ್ನು ತಡೆದುಕೊಳ್ಳುವುದು ಎಂದು ನಾನು ತಿಳಿದಿದ್ದೆ. ಆ ಬಾಯಿ ಮುಚ್ಚಿದ ಮೇಲೆ ಮನೆಯಲ್ಲಿ ಏನೋ ಕೆಟ್ಟು ನಿಂತ ಹಾಗಾಗಿತ್ತು.

ಶುಕ್ರವಾರ ಬಂತು. ಅಯ್ಯನವರು, ಸಭೆಯವರು ಎಲ್ಲರೂ ಬಂದರು. ಚೆಂಬೂರಿನ ಅಕ್ಕನವರೂ ಬಂದರು. ದೂರದ ಮೂಲೆಯಲ್ಲಿ ಕುಳಿತರು. ಹಾಲು ತುಂಬಿತು, ಬಾಗಿಲು ತೆರೆದೇ ಇತ್ತು, ಎದುರು ಹೊಸ್ತಿಲಲ್ಲಿ ನಸೀಮಾ ಬಟಾಣಿ ಬಿಡಿಸುತ್ತ ಕೂತಿದ್ದಳು. ಹಾಡಾಯಿತು, ವಾಕ್ಯವಾಯಿತು. ಅಯ್ಯನವರು ಅತ್ತಿತ್ತ ನೋಡಿ, ಧೈರ್ಯ ಮಾಡಿ, “ಹಿರಿಯರು ಪ್ರಾರ್ಥನೆ ಮಾಡಬೇಕು” ಅಂದರು. ಅತ್ತೆ ಎದ್ದರು. ಸೆರಗು ತಲೆಯ ಮೇಲೆ ಬಂತು. ಈ ಸಲ ಸೂರ್ಯ, ಚಂದ್ರ ಏನೂ ಇಲ್ಲ. ಸೀದಾ ನಮ್ಮ ಮಾಳಿಗೆಗೇ ಇಳಿದರು.

“ಕರ್ತನೇ, ಈ ಮನ್ಯಾಗ ಒಬ್ಬಾಕಿ ಮುದುಕಿ ಅದಾಳ. ನೀ ಬಲ್ಲಿ ಆಕಿನ್ನ. ಆಕಿಗೆ ಬಾಯಿ ಕೊಟ್ಟಿ, ಅದಕ್ಕೊಂದು ಬಾಗಲಾ ಕೊಡೂದು ಮರತಿ. ಸೋಫಾ ಮ್ಯಾಲ ಕೂಡಿಸಿದ ಮಗಳ ಕಣ್ಣಾಗ ನೀರ ತರಿಸ್ಯಾಳ. ಓದೂ ಕೂಸಿನ ಮೂಲಿ ಹಿಡಕೊಂಡಾಳ. ಎಲ್ಲಾರ ತಪ್ಪೂ ನಿನಗ ಹೇಳಿದಾಕಿ, ತನ್ನದೊಂದು ಹೇಳೂದು ಉಳದಿತ್ತು, ಈಗ ಹೇಳತಾಳ, ಕೇಳು. ಆಯುಷ್ಯೆಲ್ಲಾ ವಾರ್ಡಿನಾಗ ಮಂದಿನ್ನ ಎಬಿಸಿದಾಕಿ ಆಕಿ. ಆಕಿನ್ನ ಯಾರೂ ಎಬಿಸಿದವರಿಲ್ಲ. ಇಲ್ಲೆ ಬಂದ ಮ್ಯಾಲೆ ಒಂದಿನ ಮೈಯಾಗ ಆರಾಮಿಲ್ಲದ ಮಲಗಿದ್ದಳು, ಈ ಹುಡುಗಿ ಬಂದು ‘ಅತ್ತೀ, ಚಾ’ ಅಂದಳು. ಅವತ್ತಿಂದ ಆ ಮುದುಕಿ ನಸಿಕಿನ್ಯಾಗ ಎಚ್ಚರಾದ್ರೂ ಕಣ್ಣು ಮುಚಗೊಂಡು ಬಿದ್ದಿರತಾಳ. ಎಬಸಲಿ ಅಂತ. ಒಂದ ಸಲಾ ಕರದ್ರ ಏಳೂದಿಲ್ಲ, ಇನ್ನೊಂದ ಸಲಾ ಕರೀಲಿ ಅಂತ. ಸುಳ್ಳು ನಿದ್ದಿ, ಕರ್ತನೇ. ಕ್ಷಮಾ ಮಾಡು. ನಾಳೆ ಹೋಗೂ ಜಾಗದಾಗ ಗಂಟಿ ಹೊಡದು ಎಬಸತಾರಂತ. ಇರಲಿ. ಈ ಹುಡುಗಿ ಇನ್ನ ಮುಂದರ ಆರಾಮ ಮಲಗಲಿ. ಆಮೆನ್.”

“ಆಮೆನ್” ಅಂದರು ಎಲ್ಲರೂ. ರೂಢಿ ನೋಡಿ. ಅಂದ ಮೇಲೆ ತಾವು ಏನಕ್ಕೆ ಸಹಿ ಹಾಕಿದೆವೆಂದು ಗೊತ್ತಾಗಿ ಒಬ್ಬೊಬ್ಬರಾಗಿ ಕಣ್ಣು ತೆರೆದರು.

ನಾನು ಅನ್ನಲಿಲ್ಲ.

ಅತ್ತೆ ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ತಿರುಗಿದರು. ಎಷ್ಟು ಜನ ಅಂದರೂ ಯಾರು ಅನ್ನಲಿಲ್ಲವೆಂದು ಅವರಿಗೆ ಗೊತ್ತಾಗುತ್ತದೆ! “ಏ ಹುಡುಗಿ, ನಿಂದೊಂದು ಆಮೆನ್ ಕೇಳಲಿಲ್ಲ?”

ಆಗ ನಾನು ಎದ್ದು ನಿಂತೆ. ಮನೆಕೂಟದಲ್ಲಿ ನಾನು ಬಾಯಿಬಿಟ್ಟು ಪ್ರಾರ್ಥಿಸಿದವಳಲ್ಲ. ಚಹಾ ಕೊಡುವವಳು ನಾನು. ಸೆರಗು ಎಳೆದುಕೊಂಡು ಕಣ್ಣು ಮುಚ್ಚಿದೆ. ಉಳಿದವರೂ ಮುಚ್ಚಿರಬೇಕು, ಪ್ರಾರ್ಥನೆಗೆ ಯಾರೂ ಅಡ್ಡ ಬರುವಂತಿಲ್ಲವಲ್ಲ, ಅತ್ತೆಯೂ.

“ಕರ್ತನೇ, ಈಗಷ್ಟ ನಿನ್ನ ಕಡೆ ಒಂದು ಪ್ರಾರ್ಥನಾ ಬಂದೈತಿ. ಅದನ್ನ ವಾಪಸ್ ಕಳಸು. ನಮ್ಮ ಅತ್ತಿ ಎರಡು ವರ್ಷ ನನ್ನ ಮ್ಯಾಲ ದೂರು ಹೇಳ್ಯಾರ, ನೀ ಎಲ್ಲಾ ಕೇಳಿದಿ, ನಾ ಒಂದರ ಹೇಳೇನೇನು? ಇವತ್ತ ಒಂದು ಹೇಳತೀನಿ. ಐದು ದಿನಾ ಆತು, ಸಪ್ಪನ ಸಾರು ಉಂಡು ಸುಮ್ಮನ ಅದಾರ. ಅದು ನನಗ ತಡಿಯಂಗಿಲ್ಲ. ಅವರ ಬಾಯಿ ಹೆಂಗಿತ್ತೋ ಹಂಗ ತಿರುಗಿ ಕೊಡು. ನಮ್ಮ ಮನಿಯವರಿಗೆ ನಾಳೆ ರಜಾ ಐತಿ. ದಾದರಕ್ಕ ಹೋಗಿ ವಿರಾರ ಗಾಡಿ ಹಿಡಿಯೂದು ಬ್ಯಾಡ. ಕಿಡಕಿ ಬಾಜೂಕ ಕೂಸಿಗೆ ಒಂದು ಮಡಚೂ ಮೇಜು ಗ್ವಾಡಿಗೆ ಬಡೀಲಿ. ಹೋದ ವರ್ಷದಿಂದ ಬಡೀತೀನಿ ಅನ್ನಾಕತ್ತಾರ, ನಿನಗೂ ಗೊತ್ತೈತಿ. ಚೆಂಬೂರಿನ ಅಕ್ಕಾರ ಮನಸಿಗೆ ಸಮಾಧಾನ ಕೊಡು. ಆಮೆನ್.”

ಮೊದಲು ಬಂದದ್ದು ಬಾಗಿಲಾಚೆಯಿಂದ ನಸೀಮಾಳ ‘ಆಮೀನ್’. ಆಮೇಲೆ ಮಗಳದು. ಆಮೇಲೆ ನಮ್ಮ ಯಜಮಾನರದು. ಉಪ್ಪಿಟ್ಟಿನ ದಿನ ಅಂದದ್ದಕ್ಕಿಂತ ಜೋರು! ಅಯ್ಯನವರು, ಸಭೆಯವರು ಎಲ್ಲ ಅಂದರು. ಮೂಲೆಯಿಂದ ಅಕ್ಕನವರ ದನಿಯೂ ಮೇಲೆ ಹೋಯಿತು, ತಾಳ ಸ್ವಲ್ಪ ಹಿಂದೆಯೇ ಉಳಿಯಿತು. ಒಂದೇ ಒಂದು ಆಮೆನ್ ಬಾಕಿ ಇತ್ತು. ನಾನು ಕಣ್ಣು ತೆರೆಯದೆ ಕಾದೆ.

“ಆಮೆನ್” ಅಂದರು ಅತ್ತೆ. ಸಣ್ಣ ದನಿ, ನಾನು ಎಂದೂ ಕೇಳದ ದನಿ. ತಕ್ಷಣ ಅದನ್ನು ಸರಿಮಾಡಿಕೊಂಡು, “ಚಾ ಆರಾಕತ್ತಿರಬೇಕು, ಎಲ್ಲಾರಿಗೂ ಕೊಡೂ ಬುದ್ಧಿ ಯಾರಿಗರ ಐತೋ ಇಲ್ಲೋ!” ಅಂದರು. ಅಕ್ಕನವರೇ ಎದ್ದು ಮೊದಲ ಕಪ್ಪನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಅವರ ಕೈಯನ್ನು ಕಪ್ಪಿನ ಸಮೇತ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು.

ಮರುದಿನ ಬೆಳಿಗ್ಗೆ ಚಹಾ ಹಿಡಿದು ಹಾಲಿಗೆ ಬಂದೆ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮೆಲ್ಲಗೆ ಬಗ್ಗಿ ನೋಡಿದೆ. ಕಣ್ಣಿನ ರೆಪ್ಪೆ ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರುತ್ತಿತ್ತು. ಇಷ್ಟು ದಿನ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲವಲ್ಲ!

“ಅತ್ತೀ, ಚಾ” ಅಂದೆ.

ಅಲ್ಲಾಡಲಿಲ್ಲ. ಎಲ್ಲ ಗೊತ್ತಾದ ಮೇಲೂ!

ನಾನು ಮಂಚದ ಅಂಚಿನಲ್ಲಿ ಕುಳಿತೆ. ಅವರ ಹೆಗಲ ಮೇಲೆ ಕೈಯಿಟ್ಟು, ಆ ದಿನದ ಮೊದಲ ಕೃಪೆಯನ್ನು ಮನಸ್ಸಿನಲ್ಲೇ ನೆನೆದುಕೊಂಡು, ಎರಡನೆಯ ಸಲ ಕರೆದೆ.